ಬರಿಗೈಯ ವಿದ್ಯೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಊರು ಯಾವುದೇ ಇರಲಿ, ಬಿಳಿ ಅಂಗಿ ತೊಟ್ಟು ನಡುವಿಗೆ ಬಣ್ಣದ ಪಟ್ಟಿ ಬಿಗಿದ ಮಕ್ಕಳನ್ನು ಕಂಡರೆ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಯಾವ ಬೆಲ್ಟ್ ಬಂತು?" ಆದರೆ ಕರಾಟೆ ಹುಟ್ಟಿದ ನಾಡಿನಲ್ಲಿ ಮೊದಲಿಗೆ ಬೆಲ್ಟ್ ಎಂಬುದೇ ಇರಲಿಲ್ಲ.

ಜಪಾನಿನ ದಕ್ಷಿಣಕ್ಕಿರುವ ಓಕಿನಾವಾ ದ್ವೀಪ ಕರಾಟೆಯ ತವರು. ಹಿಂದೆ ಅದು ರ್‍ಯುಕ್ಯು ಎಂಬ ಬೇರೆ ರಾಜ್ಯ. 1879ರಲ್ಲಿ ಜಪಾನಿಗೆ ಸೇರಿತು. ಅಲ್ಲಿ 'ತೆ' ಎಂಬ ಕಾಳಗದ ವಿದ್ಯೆಯಿತ್ತು. 'ತೆ' ಎಂದರೆ ಕೈ. ವ್ಯಾಪಾರ, ರಾಯಭಾರಗಳ ನಂಟಿನಿಂದ ದಕ್ಷಿಣ ಚೀನದ ಪಟ್ಟುಗಳು ಅದರೊಡನೆ ಬೆರೆತವು. ಕಂಚಿಯ ಬೋಧಿಧರ್ಮನೇ ಇದರ ಮೂಲಪುರುಷನೆಂಬ ಮಾತು ಕೇಳಲು ಹಿತವಾದರೂ ಅದಕ್ಕೆ ಇತಿಹಾಸದ ಗಟ್ಟಿ ಆಧಾರವಿಲ್ಲ.

ಓಕಿನಾವಾದ ಶಾಲಾಶಿಕ್ಷಕ ಗಿಚಿನ್ ಫುನಾಕೋಶಿ ಅವರು 1922ರಲ್ಲಿ ಟೋಕಿಯೋದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿ, ಅಲ್ಲೇ ನಿಂತು ಕಲಿಸತೊಡಗಿದರು. ಅವರ ಕಾವ್ಯನಾಮ 'ಶೋತೋ'. ಪೈನ್ ಮರಗಳಲ್ಲಿ ಗಾಳಿ ಎಬ್ಬಿಸುವ ಅಲೆ ಎಂದು ಅರ್ಥ. 'ಕಾನ್' ಎಂದರೆ ಮನೆ. ಶಿಷ್ಯರು ಗುರುಗಳ ತಾಲೀಮುಮನೆಗೆ ಇಟ್ಟ 'ಶೋತೋಕಾನ್' ಎಂಬ ಹೆಸರು ಆ ಶೈಲಿಗೂ ನಿಂತಿತು. 'ಕರಾ' ಎಂಬ ಅಕ್ಷರ ಮೊದಲು ಚೀನವನ್ನು ಸೂಚಿಸುತ್ತಿತ್ತು. ಅದೇ ಉಚ್ಚಾರದ, 'ಬರಿದು' ಎಂಬರ್ಥದ ಅಕ್ಷರ ಬಂದ ಮೇಲೆ 'ಚೀನದ ಕೈ' ಎಂಬುದು 'ಬರಿಗೈ' ಆಯಿತು. ಬೆಲ್ಟ್ ಪದ್ಧತಿ ಜೂಡೋದಿಂದ ಪಡೆದದ್ದು. ಫುನಾಕೋಶಿಯವರು ಮೊದಲ ಕಪ್ಪು ಬೆಲ್ಟ್‌ಗಳನ್ನು ಕೊಟ್ಟದ್ದು 1924ರಲ್ಲಿ.

ಇದರ ಪದಗಳು ಹೊಸವೆನಿಸಿದರೆ ನಮ್ಮ ಗರಡಿಮನೆಯನ್ನು ನೆನೆಯಿರಿ. ಕಲಿಯುವ ಜಾಗ 'ದೋಜೋ', ಅದು ಗರಡಿ ಇದ್ದಂತೆ. ಕಲಿಸುವವರು 'ಸೆನ್ಸೆಯ್', ಅವರು ವಸ್ತಾದರಿದ್ದಂತೆ. ನಿಲುವು, ಹೊಡೆತ, ತಡೆಗಳನ್ನು ಒಂದೊಂದಾಗಿ ರೂಢಿಸುವುದು 'ಕಿಹೋನ್', ಅಂದರೆ ಬುನಾದಿ. ಅವನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿ, ಎದುರಾಳಿ ಇಲ್ಲದೆಯೇ ಮಾಡುವುದು 'ಕಾತಾ'. ಜೊತೆಗಾರನೊಡನೆ ಆಡಿ ನೋಡುವುದು 'ಕುಮಿತೆ'. ಉಸಿರು, ಮೈ, ಮನಸ್ಸು ಒಂದಾಗಿ ಹೊರಡುವ ಕೂಗು 'ಕಿಆಯ್'. ಹೊಡೆತ ಮುಗಿದ ಮೇಲೂ ಉಳಿಯುವ ಎಚ್ಚರ 'ಝಾನ್‌ಶಿನ್'. ಹೊಡೆತದ ಬಲ ತೋಳಿನದಷ್ಟೇ ಅಲ್ಲ; ಹಿಂಗಾಲು ನೆಲವನ್ನೊತ್ತಿ, ಸೊಂಟ ತಿರುಗಿದಾಗ ಆ ವೇಗ ಮುಷ್ಟಿಗೆ ಬರುತ್ತದೆ.

ಇವೆಲ್ಲಕ್ಕೂ ಮೊದಲು 'ರೆಯ್', ಅಂದರೆ ಬಾಗಿ ವಂದಿಸುವುದು. ಫುನಾಕೋಶಿಯವರ 20 ಸೂತ್ರಗಳಲ್ಲಿ ಮೊದಲನೆಯದು ಈ ಗೌರವವನ್ನು ಕುರಿತದ್ದು. ಕಲಿತವನು ತಾನಾಗಿ ಮೊದಲು ಕೈ ಮಾಡಬಾರದೆಂಬುದು ಎರಡನೆಯದರ ಸಾರ. ಹನುಮಂತನಿಗೆ ಕೈಮುಗಿದು ಕೆಮ್ಮಣ್ಣಿಗೆ ಇಳಿಯುವ ನಮ್ಮ ಪೈಲ್ವಾನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆಗೊಂದಿಯ ಆಚೆ ದಡದ ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ಮೈಗೆ ಎಣ್ಣೆ ತಿಕ್ಕಿ, ಭಾರ ಎತ್ತಿ, ಕತ್ತಿ ತಿರುವಿ, ಜಟ್ಟಿಯೊಡನೆ ಕುಸ್ತಿ ಹಿಡಿಯುವುದು ಅರಸನ ನಿತ್ಯದ ಸಾಮು. ಅರಸನಿಗೂ ದಿನದ ಅಭ್ಯಾಸ ತಪ್ಪಿದ್ದಲ್ಲ.

ಈ ಮಾತು ಇಂದು ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಮೂರು ತಿಂಗಳ ಅವಧಿಯದು. ಅಷ್ಟರಲ್ಲಿ ಹುಡುಗಿ ಗಟ್ಟಿಯಾಗಿ ನಿಲ್ಲುವುದನ್ನು, ದನಿ ಎತ್ತುವುದನ್ನು, ಹಿಡಿದ ಕೈ ಬಿಡಿಸಿಕೊಂಡು ಜನರಿರುವತ್ತ ಓಡುವುದನ್ನು ಕಲಿಯಬಲ್ಲಳು. ಅದು ಸಣ್ಣ ಗಳಿಕೆಯಲ್ಲ. ಆದರೆ ಇಬ್ಬರು ಗಂಡಸರನ್ನು ಕೆಡವಬಲ್ಲೆ ಎಂಬ ಹುಸಿ ಧೈರ್ಯವನ್ನು ಅವಳಲ್ಲಿ ತುಂಬಿದರೆ ಅಪಾಯ ಅವಳಿಗೇ.

ಆದ್ದರಿಂದ, ತಾಯ್ತಂದೆಯರೆ, ಹಣ ಕಟ್ಟುವ ಮುನ್ನ ಒಂದು ದಿನ ಕುಳಿತು ತರಗತಿ ನೋಡಿ. ವಂದನೆ ಇದೆಯೇ? ಹಿರಿಯ ಮಕ್ಕಳು ಕಿರಿಯರ ಮೈಗೆ ತಾಗುವ ಮುನ್ನ ಮುಷ್ಟಿ ತಡೆಯುತ್ತಾರೆಯೇ? ನೋವಾಯಿತೆಂದರೆ ಗುರುಗಳು ನಿಲ್ಲಿಸುತ್ತಾರೆಯೇ? ಕೆಲವೇ ತಿಂಗಳಲ್ಲಿ ಕಪ್ಪು ಬೆಲ್ಟ್ ಎಂದರೆ ನಂಬಬೇಡಿ. ಅದಕ್ಕೆ ಕೆಲವು ವರ್ಷಗಳ ಸಾಧನೆ ಬೇಕು. ಮಗಳು ಮನೆಗೆ ಬಂದಾಗ "ಇವತ್ತು ಯಾವ ನಿಲುವು ಕಲಿತಿ, ತೋರಿಸವ್ವಾ" ಎಂದು ಕೇಳಿ. ಅವಳು ನಿಲ್ಲುವ ರೀತಿಯಲ್ಲೇ ಕಲಿತದ್ದೆಷ್ಟೆಂಬುದು ನಿಮಗೆ ತಿಳಿಯುತ್ತದೆ.