ಮಗಳ ಪಾಲು: ಕಲ್ಯಾಣದ ಮಿತಾಕ್ಷರದಿಂದ ಇಂದಿನ ಕಾಯ್ದೆಯವರೆಗೆ



ಈ ವರ್ಷ ಕಾನೂನು ಕಾಲೇಜಿಗೆ ಸೇರಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಕಾನೂನಿನ ಮೂಲಗಳು ಎಂಬ ಪಾಠ ನಿಮಗೆ ಮೊದಲಲ್ಲೇ ಎದುರಾಗುತ್ತದೆ. ಶಾಸ್ತ್ರಗ್ರಂಥ, ರೂಢಿ, ಶಾಸನಸಭೆಯ ಕಾಯ್ದೆ, ನ್ಯಾಯಾಲಯದ ತೀರ್ಪು ಎಂದು ನಾಲ್ಕು ಹೆಸರು ಬರೆದುಕೊಳ್ಳುತ್ತೀರಿ. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಸರಿ. ಆದರೆ ಈ ನಾಲ್ಕೂ ಒಂದೇ ಪ್ರಶ್ನೆಯನ್ನು ಹಿಡಿದು ಶತಮಾನಗಳ ಕಾಲ ಹೇಗೆ ಜಗ್ಗಾಡಿದವು ಎಂದು ತಿಳಿದರೆ ಪಾಠಕ್ಕೆ ಜೀವ ಬರುತ್ತದೆ. ಆ ಪ್ರಶ್ನೆ ಹುಟ್ಟಿದ್ದು ಮನೆಯ ಜಗಲಿಯ ಮೇಲೆ: ಅಪ್ಪನ ಹೊಲದಲ್ಲಿ ಮಗಳಿಗೆ ಪಾಲುಂಟೋ ಇಲ್ಲವೋ?

ಮೊದಲು ಶಾಸ್ತ್ರಗ್ರಂಥ. ಬೀದರ ಜಿಲ್ಲೆಯ ಬಸವಕಲ್ಯಾಣ, ಅಂದಿನ ಕಲ್ಯಾಣ, ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ದೂರದ ಕಾಶ್ಮೀರದಿಂದ ಬಿಲ್ಹಣ ಕವಿ ಬಂದು ನೆಲೆಸಿದ್ದ. ಅದೇ ಆಸ್ಥಾನದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ನಮ್ಮ ನೆಲದಲ್ಲಿ ಬರೆದ ಆ ಗ್ರಂಥ ಮುಂದೆ ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಆಸ್ತಿ ಕಾನೂನಿಗೆ ಆಧಾರವಾಯಿತು.

ಅದರ ವ್ಯವಹಾರಾಧ್ಯಾಯವನ್ನು ತೆರೆದರೆ ಇಂದಿನ ಸಿವಿಲ್ ಕೋರ್ಟಿನ ಪರಿಚಯ ಇರುವವರಿಗೆ ಬೆರಗಾಗುತ್ತದೆ. ವ್ಯಾಜ್ಯಕ್ಕೆ ನಾಲ್ಕು ಹಂತ: ವಾದಿಯ ದೂರು, ಪ್ರತಿವಾದಿಯ ಉತ್ತರ, ಪುರಾವೆ, ನಿರ್ಣಯ. ದೂರನ್ನು ಬರೆದುಕೊಳ್ಳಬೇಕು, ಉತ್ತರವನ್ನು ವಾದಿಯ ಎದುರಿನಲ್ಲೇ ಬರೆದುಕೊಳ್ಳಬೇಕು. ಪುರಾವೆಗೆ ದಾಖಲೆ, ಅನುಭೋಗ, ಸಾಕ್ಷಿ. ಈ ಮೂರೂ ಇಲ್ಲದಾಗ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷಗಳ ದಿವ್ಯಪರೀಕ್ಷೆ. ಆ ಪರೀಕ್ಷೆಗಳು ಕ್ರೂರ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎದುರಾಳಿಯ ಮಾತು ಕೇಳದೆ ತೀರ್ಮಾನಿಸಬಾರದೆಂಬ ತತ್ವ ಅಲ್ಲಿ ಗಟ್ಟಿಯಾಗಿ ನಿಂತಿದೆ.

ಈಗ ಆಸ್ತಿಯ ಮಾತಿಗೆ ಬರೋಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ ಎಂದು ವಿಜ್ಞಾನೇಶ್ವರ ವಾದಿಸಿದ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಇದನ್ನು ಒಪ್ಪಲಿಲ್ಲ. ಅಪ್ಪನ ಸಾವಿನ ನಂತರವೇ ಮಕ್ಕಳಿಗೆ ಹಕ್ಕು ಎಂದ. ಅಪ್ಪನೊಬ್ಬನೇ ಆಸ್ತಿ ಮಾರಿಬಿಡದಂತೆ ಮಿತಾಕ್ಷರದ ನಿಯಮ ಕುಟುಂಬವನ್ನು ಕಾಯಿತು. ಕಾಯ್ದದ್ದು ಮಾತ್ರ ಗಂಡುಮಕ್ಕಳ ಹಕ್ಕನ್ನು.

ಹಾಗಾದರೆ ಮಗಳು? ಮದುವೆಯಾಗದ ತಂಗಿಗೆ ಅಣ್ಣತಮ್ಮಂದಿರು ಕಾಲುಪಾಲು ಕೊಡಬೇಕೆಂದು ಮೂಲ ಸ್ಮೃತಿಯಲ್ಲಿದೆ. ಮದುವೆಯ ಖರ್ಚಿಗೆ ಸಾಲುವಷ್ಟು ಕೊಟ್ಟರೆ ಸಾಕು ಎಂದು ಕೆಲವರು ಅದನ್ನು ಕುಗ್ಗಿಸಿದ್ದರು. ವಿಜ್ಞಾನೇಶ್ವರ ಇದನ್ನು ತಳ್ಳಿಹಾಕಿ, ಅಪ್ಪ ತೀರಿಕೊಂಡ ಮೇಲೆ ಅವಿವಾಹಿತ ಮಗಳೂ ಪಾಲಿಗೆ ಬಾಧ್ಯಳು ಎಂದ. ಲೆಕ್ಕವನ್ನೂ ಬಿಡಿಸಿಟ್ಟ. ಒಬ್ಬ ಮಗ, ಒಬ್ಬ ಮಗಳಿದ್ದರೆ ಆಸ್ತಿಯನ್ನು ಎರಡು ಭಾಗ ಮಾಡಿ, ಅದರಲ್ಲೊಂದನ್ನು ನಾಲ್ಕಾಗಿ ಒಡೆದು, ಒಂದು ತುಂಡು ಅವಳಿಗೆ. ಅಂದರೆ ಒಟ್ಟು ಆಸ್ತಿಯಲ್ಲಿ ಎಂಟನೆಯ ಒಂದು. ಕಡಿಮೆಯೇ. ಆದರೂ ಅದನ್ನು ಅವನು ಹಕ್ಕೆಂದು ಕರೆದ, ದಾನವೆಂದಲ್ಲ. ಹೆಣ್ಣಿನ ಸ್ವಂತ ಸೊತ್ತಾದ ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿ, ಹೆಣ್ಣು ಉತ್ತರಾಧಿಕಾರವಾಗಿ ಪಡೆದದ್ದನ್ನೂ ಅದರಲ್ಲಿ ಸೇರಿಸಿದ.

ರೂಢಿಯ ದಾರಿ ಬೇರೆಯೇ ಇತ್ತು. ಇದೇ ಕರ್ನಾಟಕದ ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿಯವರಿಗೆ ವಂಶ ನಡೆಯುವುದು ತಾಯಿಯಿಂದ. ಕಲ್ಯಾಣದ ವ್ಯಾಖ್ಯಾನ ಅವರನ್ನು ಕಟ್ಟಿಹಾಕಲಿಲ್ಲ. ಆಗ ಭಾರತದ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ 1868ರಲ್ಲಿ, ಮಧುರೆಯ ಕಲೆಕ್ಟರ್ ಒಂದು ಪಕ್ಷವಾಗಿದ್ದ ಮೊಕದ್ದಮೆಯಲ್ಲಿ, ಸ್ಪಷ್ಟವಾಗಿ ರುಜುವಾತಾದ ರೂಢಿ ಬರೆದ ಶಾಸ್ತ್ರಕ್ಕಿಂತ ಮೇಲು ಎಂದು ಒಪ್ಪಿತು.

ಲಂಡನ್ನು ನಡುವೆ ಬಂದದ್ದು ಹೇಗೆ? 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್ ಒಂದು ವ್ಯವಸ್ಥೆ ಮಾಡಿದ. ಮದುವೆ, ಉತ್ತರಾಧಿಕಾರದಂಥ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು. ಬಿಳಿಯ ನ್ಯಾಯಾಧೀಶರಿಗೆ ಸಂಸ್ಕೃತ ಬಾರದು. ಪಂಡಿತರನ್ನು ಕೋರ್ಟಿನಲ್ಲಿ ಕೂರಿಸಿದರು. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಮಿತಾಕ್ಷರದ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. 1864ರಲ್ಲಿ ಪಂಡಿತರ ಹುದ್ದೆಯೇ ಹೋಯಿತು. ಚರ್ಚೆಗೆ ತೆರೆದಿದ್ದ ವ್ಯಾಖ್ಯಾನ ಅಲ್ಲಿಂದಾಚೆ ಅಲುಗಾಡದ ನಿಯಮದಂತೆ ಕುಳಿತುಬಿಟ್ಟಿತು. ವಿಜ್ಞಾನೇಶ್ವರ ಹಿಗ್ಗಿಸಿದ್ದ ಸ್ತ್ರೀಧನವನ್ನು ಪ್ರಿವಿ ಕೌನ್ಸಿಲ್ ಮತ್ತೆ ಕುಗ್ಗಿಸಿತು. ಹೆಣ್ಣುಮಕ್ಕಳ ಮಟ್ಟಿಗೆ ಇದು ಹಿನ್ನಡೆ ಎಂದೇ ನನ್ನ ಅಭಿಪ್ರಾಯ. ಹನ್ನೆರಡನೆಯ ಶತಮಾನದ ಪಂಡಿತ ಹತ್ತೊಂಬತ್ತನೆಯ ಶತಮಾನದ ನ್ಯಾಯಮೂರ್ತಿಗಳಿಗಿಂತ ಉದಾರಿಯಾಗಿದ್ದ.

ಮೈಸೂರು ಸಂಸ್ಥಾನದ ಹೆಸರನ್ನು ಇಲ್ಲಿ ಹೆಮ್ಮೆಯಿಂದ ಹೇಳಬೇಕು. ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಮೈಸೂರು 1933ರಲ್ಲೇ ಕಾಯ್ದೆ ಮಾಡಿತು. ವಿಭಾಗದ ಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಗೊತ್ತುಮಾಡಿತು. ಅವಿವಾಹಿತ ಮಗಳಿಗೆ ಅಣ್ಣನ ಪಾಲಿನ ಕಾಲುಭಾಗ, ಅದೇ ಹಳೆಯ ಕಾಲುಪಾಲು! ಬ್ರಿಟಿಷ್ ಇಂಡಿಯಾದ ಕಾಯ್ದೆ ಬಂದದ್ದು 1937ರಲ್ಲಿ. ಅದು ವಿಧವೆಯರಿಗೆ ಸೀಮಿತ ಹಕ್ಕು ಕೊಟ್ಟಿತು, ಮಗಳನ್ನು ನೆನೆಯಲಿಲ್ಲ.

ಹಿಂದೂ ಕಾನೂನನ್ನು ಒಟ್ಟಾಗಿ ತಿದ್ದಲು ನೇಮಿಸಿದ ಸಮಿತಿಗೆ ಮಂಗಳೂರಿನ ಬೆನೆಗಲ್ ನರಸಿಂಗ ರಾವ್ ಅಧ್ಯಕ್ಷರಾಗಿದ್ದರು. ಸ್ವಾತಂತ್ರ್ಯದ ನಂತರ ಡಾ. ಅಂಬೇಡ್ಕರ್ ಆ ಸಮಿತಿಯ ಕೆಲಸದಿಂದ ಹುಟ್ಟಿದ ಹಿಂದೂ ಕೋಡ್ ಮಸೂದೆಗಾಗಿ ಹೋರಾಡಿದರು. ಅದು ನೆನೆಗುದಿಗೆ ಬಿದ್ದದ್ದು 1951ರಲ್ಲಿ ಅವರು ಮಂತ್ರಿಪದವಿ ಬಿಡಲು ಒಂದು ಮುಖ್ಯ ಕಾರಣ. ಕೊನೆಗೆ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಬಂದದ್ದು ಅರ್ಧ ನ್ಯಾಯ. ಹೇಗೆಂದು ಒಂದು ಲೆಕ್ಕದಲ್ಲಿ ನೋಡಿ.

ಒಂದು ಮನೆ. 9 ಎಕರೆ ಪಿತ್ರಾರ್ಜಿತ ಜಮೀನು. ತಾಯಿ ಮೊದಲೇ ಇಲ್ಲ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಪ್ಪ ವಿಲ್ ಬರೆಯದೆ ತೀರಿಕೊಂಡ. 1956ರ ಕಾಯ್ದೆಯಂತೆ ಮೊದಲು ಅಪ್ಪನಿಗೂ ಇಬ್ಬರು ಗಂಡುಮಕ್ಕಳಿಗೂ ತಲಾ 3 ಎಕರೆ ಎಂದು ಕಾಗದದ ಮೇಲೆ ಭಾಗ. ಆಮೇಲೆ ಅಪ್ಪನ 3 ಎಕರೆ ಮೂವರು ಮಕ್ಕಳಿಗೂ ಸಮನಾಗಿ. ಅಲ್ಲಿಗೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು. ಹುಟ್ಟಿನ ಹಕ್ಕು ಗಂಡಿಗೇ ಉಳಿದದ್ದರಿಂದ ಈ ಅಂತರ.

ಇದನ್ನು ಅಳಿಸಲು ರಾಜ್ಯಗಳು ಮುಂದೆ ಬಂದವು. ಆಂಧ್ರ, ತಮಿಳುನಾಡುಗಳ ಹಿಂದೆಯೇ ಕರ್ನಾಟಕ 1994ರಲ್ಲಿ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ನಮ್ಮ ಲೆಕ್ಕದ ಮನೆಯಲ್ಲಿ ಈಗ ಮೂವರಿಗೂ ಮೂರು ಮೂರು ಎಕರೆ.

ಅಲ್ಲಿಗೂ ಮುಗಿಯಲಿಲ್ಲ. ಆ ತಾರೀಖಿನಂದು ಅಪ್ಪ ಬದುಕಿರಲೇಬೇಕೇ? ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೌದೆಂದಿತು. 2018ರಲ್ಲಿ, ಮತ್ತೆ ನಮ್ಮ ರಾಜ್ಯದ್ದೇ ಮೊಕದ್ದಮೆಯಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡು ತೀರ್ಪು ಎರಡು ದಿಕ್ಕಿಗೆ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಹಕ್ಕು ಹುಟ್ಟಿನದು, ಅಪ್ಪ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ಹುಟ್ಟಿನಿಂದಲೇ ಹಕ್ಕು ಎಂಬ ಕಲ್ಯಾಣದ ಪಂಡಿತನ ವಾದವೇ ಒಂಬೈನೂರು ವರ್ಷಗಳ ನಂತರ ಮಗಳ ಕೈಹಿಡಿಯಿತು.

ಕಾಯ್ದೆ ಇಲ್ಲಿಗೆ ಬಂದು ನಿಂತಿದೆ. ಊರು ಇನ್ನೂ ಬಂದಿಲ್ಲ. ಅಪ್ಪನ ತಿಥಿ ಮುಗಿದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತ ಅಕ್ಕನ ಮುಂದೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅವಳು ಓದದೆಯೇ ಹೆಬ್ಬೆಟ್ಟೊತ್ತುತ್ತಾಳೆ. ಮನಸಾರೆ ಬಿಟ್ಟುಕೊಡುವುದು ಅವಳ ಇಷ್ಟ. ತಿಳಿಯದೆ ಕಳೆದುಕೊಳ್ಳುವುದು ಅನ್ಯಾಯ.

ಆದ್ದರಿಂದ ಅಕ್ಕಂದಿರೇ, ತಂಗಿಯರೇ, ಯಾವ ಕಾಗದಕ್ಕೂ ಓದಿಸಿ ಕೇಳದೆ ಸಹಿ ಹಾಕಬೇಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ, ದೂರವಾಣಿಯಲ್ಲಾದರೆ 15100. ಕಾನೂನು ಓದುತ್ತಿರುವ ಮಕ್ಕಳೇ, ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿಗೆ, ಅತ್ತೆಗೆ ಇಷ್ಟನ್ನು ತಿಳಿಸಿಹೇಳಿ.