ಹೆದರುವ ನಾಯಕ



1995ರ ಅಕ್ಟೋಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಒಂದು ಅನಿಮೆ ಧಾರಾವಾಹಿ ಶುರುವಾಯಿತು. ಹೆಸರು ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’. ನಿರ್ದೇಶಕರು ಹಿದೆಯಾಕಿ ಅನ್ನೊ. ದೈತ್ಯ ಯಂತ್ರದೊಳಗೆ ಕೂತು ಮನುಷ್ಯಕುಲವನ್ನು ಉಳಿಸಬೇಕಾದವನು ಶಿಂಜಿ, 14 ವರ್ಷದ ಹುಡುಗ.

ಅವನು ಹೆದರುತ್ತಾನೆ, ಅಳುತ್ತಾನೆ, ಬಿಟ್ಟು ಓಡಿಯೂ ಹೋಗುತ್ತಾನೆ. ಇವನೂ ಒಬ್ಬ ನಾಯಕನೇ ಎಂದು ಹಲವರು ಮೂಗು ಮುರಿದರು. ಕೊನೆಯ ಎರಡು ಕಂತುಗಳಲ್ಲಿ ಯುದ್ಧವೇ ಇಲ್ಲ. ಇರುವುದೆಲ್ಲ ಮನಸ್ಸಿನೊಳಗಿನ ಮಾತುಕತೆ. ಅದಕ್ಕಂತೂ ಸಿಟ್ಟೇ ಸಿಟ್ಟು. 1997ರಲ್ಲಿ ಚಲನಚಿತ್ರವಾಗಿ ಇನ್ನೊಂದು ಮುಕ್ತಾಯ ಬಂತು. ವಾದ ಮುಗಿಯಲಿಲ್ಲ.

ನಾನು ಶಿಂಜಿಯ ಪಕ್ಷ. ಅವನಿಗೆ ತಾಯಿ ಇಲ್ಲ. ವರ್ಷಗಟ್ಟಲೆ ದೂರವಿಟ್ಟಿದ್ದ ತಂದೆ ಕರೆಸಿಕೊಂಡದ್ದು ಮುದ್ದಿಗಲ್ಲ, ಯುದ್ಧಕ್ಕೆ. ಅಂಥ ಮಗು ನಡುಗದಿದ್ದರೆ ತಾನೇ ಆಶ್ಚರ್ಯ? ಜೊತೆಗಾತಿ ಅಸುಕಾಳ ಜಂಬದ ಹಿಂದೆಯೂ ತಾಯಿಯನ್ನು ಕಳೆದುಕೊಂಡ ನೋವಿದೆ.

ಧೈರ್ಯವಂತರನ್ನು ಮೆಚ್ಚುವುದು ಸುಲಭ. ಹೆದರಿದವರನ್ನು ಪುಕ್ಕಲರೆನ್ನುವುದು ಇನ್ನೂ ಸುಲಭ. ಹೀಗಳೆಯುವ ಮುನ್ನ, ಅವರ ಹೆಗಲ ಮೇಲೆ ಏನಿದೆ, ಹೊರಿಸಿದವರು ಯಾರು ಎಂದು ನೋಡೋಣ. ಇಂದು ಮನೆಯಲ್ಲೋ ಕೆಲಸದಲ್ಲೋ ಯಾರಾದರೂ ‘ನನ್ನ ಕೈಲಾಗದು’ ಎಂದರೆ, ತಕ್ಷಣ ಬುದ್ಧಿ ಹೇಳುವುದು ಬೇಡ. ಯಾಕೆ ಎಂದು ಕೇಳೋಣ. ಅವರು ಹೇಳಿ ಮುಗಿಸುವ ತನಕ ಕಾಯೋಣ.