ಜಾಡೋವಿಲ್‌ನ ಶರಣಾಗತಿ: ಐರ್ಲೆಂಡಿನ ಶಾಂತಿಪಾಲನೆಯ ಒಂದು ವಿವಾದ

ಸೇನಾ ಇತಿಹಾಸವೆಂದರೆ ವಿಜಯಗಳ ಪಟ್ಟಿಯಲ್ಲ ಎಂದು ಬಾಳಿನುದ್ದಕ್ಕೂ ಹೇಳುತ್ತ ಬಂದ ಹಿರಿಯರ ನೆನಪಿನ ದತ್ತಿ ಉಪನ್ಯಾಸವಿದು.

ಐರ್ಲೆಂಡ್ 1955ರಲ್ಲಿ ವಿಶ್ವಸಂಸ್ಥೆ ಸೇರಿತು. 1958ರಲ್ಲಿ ಲೆಬನಾನಿಗೆ ವೀಕ್ಷಕರನ್ನು, 1960ರಲ್ಲಿ ಕಾಂಗೋಗೆ ಬೆಟಾಲಿಯನ್‌ಗಳನ್ನೇ ಕಳಿಸಿತು. ಆಗ ಐರ್ಲೆಂಡಿನ ಜನಸಂಖ್ಯೆ ಸುಮಾರು 28 ಲಕ್ಷ. 1978ರಿಂದ ದಕ್ಷಿಣ ಲೆಬನಾನಿನಲ್ಲಿ ಅದು ಹೊತ್ತ ಹೊಣೆಯ ವಿವರ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತದೆ. ನಾನು ನೇರವಾಗಿ ಕಾಂಗೋದಿಂದ ಸಿಡಿದು ನಿಂತಿದ್ದ ಕಟಾಂಗ ಪ್ರಾಂತ್ಯಕ್ಕೆ ಬರುತ್ತೇನೆ.

1961ರ ಸೆಪ್ಟೆಂಬರ್ 13ರ ಬೆಳಗ್ಗೆ, ಗಣಿಪಟ್ಟಣ ಜಾಡೋವಿಲ್‌ನಲ್ಲಿ ಐರಿಷ್ ಸೈನಿಕರು ಬಲಿಪೂಜೆಯಲ್ಲಿದ್ದಾಗ ಕಟಾಂಗದ ಪಡೆ ಮೇಲೆರಗಿತು. ಕಮಾಂಡೆಂಟ್ ಪ್ಯಾಟ್ ಕ್ವಿನ್ಲನ್ ಮೊದಲೇ ಕಂದಕ ತೋಡಿಸಿದ್ದರು. ಸುಮಾರು 155 ಮಂದಿ ಉಳಿದದ್ದು ಅದರಿಂದ. ಮೇಲಿನಿಂದ ಫೂಗಾ ಜೆಟ್ ದಾಳಿ, ಕೆಳಗೆ ಬಾಡಿಗೆ ಸೈನಿಕರ ನಾಯಕತ್ವದ ದೊಡ್ಡ ಪಡೆ. ಹೆಲಿಕಾಪ್ಟರ್ ತಂದ ನೀರು ಇಂಧನ ಬೆರೆತು ಕುಡಿಯಲು ಬಾರದಾಯಿತು. ನೆರವಿನ ಪಡೆ ಲುಫೀರಾ ಸೇತುವೆ ದಾಟಲಾಗದೆ ಎರಡು ಸಲ ಹಿಂದಿರುಗಿತು. ಎರಡನೆಯ ಸಲ ಹೋದವರಲ್ಲಿ ನಮ್ಮ ಗೂರ್ಖಾ ಯೋಧರೂ ಇದ್ದರು, ಕೆಲವರು ಅಲ್ಲೇ ಮಡಿದರು. ಮದ್ದುಗುಂಡು, ನೀರು ಎರಡೂ ತೀರಿದ ಮೇಲೆ, 17ರಂದು ಕ್ವಿನ್ಲನ್ ಶರಣಾದರು. ಅವರ ಕಂಪನಿಯಲ್ಲಿ ಒಬ್ಬರೂ ಸತ್ತಿರಲಿಲ್ಲ.

ಶರಣಾದ ಪಡೆ ಪಡೆಯೇ ಅಲ್ಲ ಎಂಬುದು ಒಂದು ವಾದ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಇದೇ ಕಂಪನಿ ಕೆಲವೇ ವಾರಗಳಲ್ಲಿ ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ಮತ್ತೆ ಕಾದಾಡಿತು. ಹೇಡಿಗಳು ಹಾಗೆ ಮಾಡುವುದುಂಟೇ? ಇನ್ನೂ ಕೆಲವರು ಶತ್ರುವಿನ ಕಡೆ ಮುನ್ನೂರು ಹೆಣ ಬಿದ್ದವೆಂಬ ಅಂದಾಜನ್ನು ಮುಂದೆ ಹಿಡಿದು ಇದನ್ನು ವೀರಗಾಥೆ ಮಾಡುತ್ತಾರೆ. ಅಭಿಮಾನ ಸಹಜವೇ. ಆದರೆ ಶಾಂತಿಪಾಲಕರ ಯೋಗ್ಯತೆಯನ್ನು ಕೊಂದವರ ಲೆಕ್ಕದಲ್ಲಿ ಅಳೆದರೆ ಅವರನ್ನು ಕಳಿಸಿದ ಉದ್ದೇಶವೇ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂಲ ಪ್ರಶ್ನೆ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ: ಅವರನ್ನು ಅಲ್ಲಿ ಒಂಟಿಯಾಗಿ ಬಿಟ್ಟವರು ಯಾರು? ಇವರು ರಕ್ಷಿಸಬೇಕೆಂದು ಹೇಳಲಾದ ಪಟ್ಟಣದ ಯುರೋಪಿಯನ್ನರಿಗೆ ಇವರ ರಕ್ಷಣೆಯೇ ಬೇಕಿರಲಿಲ್ಲ. ಹಾಗಿದ್ದೂ ಅದೇ 13ರ ನಸುಕಿನಲ್ಲಿ ವಿಶ್ವಸಂಸ್ಥೆ ಎಲಿಜಬೆತ್‌ವಿಲ್‌ನಲ್ಲಿ ದಾಳಿ ಆರಂಭಿಸಿತು. ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಈ ಕಂಪನಿಗೆ ಸೇಡಿನ ಏಟು ಬೀಳುವುದು ಖಚಿತವಿತ್ತು. ಕಟಾಂಗದಲ್ಲಿ ಆಗ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದವರು ಐರ್ಲೆಂಡಿನವರೇ ಆದ ಕಾನರ್ ಕ್ರೂಸ್ ಓ'ಬ್ರಯನ್. ದಾಳಿಯ ನಿರ್ಧಾರದ ಹೊಣೆ ಕ್ವಿನ್ಲನ್ ತಲೆಗೆ ಬರುವುದು ಹೇಗೆ?

ಇದನ್ನು ಕಾಂಗೋದಲ್ಲೇ 1960ರ ನವೆಂಬರ್ 8ರಂದು ನಡೆದ ನೀಂಬಾ ಘಟನೆಯ ಪಕ್ಕದಲ್ಲಿಟ್ಟು ನೋಡಿ. ಹೊಂಚುದಾಳಿಯಲ್ಲಿ ಒಂಬತ್ತು ಐರಿಷ್ ಸೈನಿಕರು ಸತ್ತರು. ಡಬ್ಲಿನ್ ಬೀದಿಗಳಲ್ಲಿ ಲಕ್ಷಾಂತರ ಜನ ನಿಂತು ಕಣ್ಣೀರಿಟ್ಟರು, ಅದು ನ್ಯಾಯವೇ. ಹತ್ತು ತಿಂಗಳ ನಂತರದ ಜಾಡೋವಿಲ್‌ನವರಿಗೆ ಸಿಕ್ಕಿದ್ದು ಮೌನ. ಮೂವತ್ತಕ್ಕೂ ಹೆಚ್ಚು ಮಂದಿಗೆ ಕ್ವಿನ್ಲನ್ ಮಾಡಿದ ಶೌರ್ಯಪದಕದ ಶಿಫಾರಸು ತಿರಸ್ಕೃತವಾಯಿತು. ಸಣ್ಣ ದೇಶದ ಕಾಣಿಕೆಯನ್ನು ಶವಪೆಟ್ಟಿಗೆಗಳಿಂದ ಅಳೆಯುವ ಈ ಅಭ್ಯಾಸವೇ ನನ್ನ ಆಕ್ಷೇಪ. ದತ್ತಿಯ ಹಿರಿಯರು ಇದ್ದಿದ್ದರೆ ಇಲ್ಲಿ ನನ್ನೊಂದಿಗೆ ವಾದಕ್ಕಿಳಿಯುತ್ತಿದ್ದರೋ ಏನೋ. ಅವರೊಂದಿಗೆ ವಾದಿಸುವುದೂ ಒಂದು ಭಾಗ್ಯವೇ.

ಕ್ವಿನ್ಲನ್ 1997ರಲ್ಲಿ ತೀರಿಕೊಂಡರು. ಕಂಪನಿಗೆ ಸಾಮೂಹಿಕ ಪ್ರಶಸ್ತಿ ಬಂದದ್ದು 2016ರಲ್ಲಿ, ಪ್ರತಿಯೊಬ್ಬರಿಗೂ ಪದಕ ಬಂದದ್ದು 2017ರಲ್ಲಿ. ಹಲವು ಪದಕಗಳನ್ನು ಪಡೆದವರು ಮನೆಯವರು.